ನಿಷೇಧಿತ ಅನಿಲ ವಿಮಾನದಲ್ಲಿ ಇನ್ನೂ ಏಕಿದೆ? ಹ್ಯಾಲಾನ್ ಗೊಂದಲದ ಒಳಹೊರಗು

2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ವಿಮಾನವೊಂದು ಮೇಲೇರಿದ ಸ್ವಲ್ಪ ಹೊತ್ತಿಗೇ ವಾಪಸ್ ಬಂತು. ಒಂದು ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತ್ತು. 179 ಪ್ರಯಾಣಿಕರು ಪಾರಾದರು. 2025ರ ಆಗಸ್ಟ್ 31ರಂದು ದೆಹಲಿಯಿಂದ ಇಂದೋರ್‌ಗೆ ಹೊರಟ ಇನ್ನೊಂದು ವಿಮಾನ, ಬಲಗಡೆ ಎಂಜಿನ್‌ನಲ್ಲಿ ಬೆಂಕಿಯ ಸೂಚನೆ ಬಂತೆಂದು ತಿರುಗಿ ದೆಹಲಿಗೇ ಇಳಿಯಿತು. ಇಂಥ ಸುದ್ದಿ ಬಂದಾಗಲೆಲ್ಲ ಎಂಜಿನ್ ಬೆಂಕಿಯನ್ನು ಆರಿಸುವುದು ಹೇಗೆ ಎಂದು ಜನ ಹುಡುಕುತ್ತಾರೆ. ಹ್ಯಾಲಾನ್ ಎಂಬ ಅನಿಲದ ಹೆಸರು ಸಿಗುತ್ತದೆ. ಇನ್ನೂ ಸ್ವಲ್ಪ ಕೆದಕಿದರೆ ಅದು ಓಝೋನ್ ಪದರವನ್ನು ಹಾಳು ಮಾಡುತ್ತದೆ, ಜಗತ್ತಿನ ಎಲ್ಲ ದೇಶಗಳೂ ಸೇರಿ ಅದನ್ನು ನಿಷೇಧಿಸಿವೆ ಎಂಬ ಮಾಹಿತಿಯೂ ಸಿಗುತ್ತದೆ.

ಗೊಂದಲ ಶುರುವಾಗುವುದೇ ಇಲ್ಲಿ. ನಿಷೇಧ ಆಗಿದ್ದು ನಿಜವಾದರೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಹಾರುವ ವಿಮಾನದಲ್ಲಿ ಅದು ಇನ್ನೂ ಹೇಗಿದೆ? ಯಾರೋ ಕಾನೂನು ಮುರಿಯುತ್ತಿದ್ದಾರಾ? ಅಥವಾ ನಿಷೇಧವೇ ಸುಮ್ನೆ ಕಾಗದದ ಮೇಲಿನ ಮಾತಾ?

ಎರಡೂ ಅಲ್ಲ. ನಿಷೇಧ ಬಿದ್ದಿದ್ದು ಹ್ಯಾಲಾನ್ ತಯಾರಿಕೆಯ ಮೇಲೆ. ಅದಕ್ಕೂ ಮೊದಲು ತಯಾರಾಗಿದ್ದ ಹ್ಯಾಲಾನನ್ನೇ ವಿಮಾನಗಳು ಇವತ್ತಿಗೂ ತುಂಬಿಸಿಕೊಂಡು ಹಾರುತ್ತಿವೆ. ಹೊಸದು ಬರುತ್ತಿಲ್ಲ, ಹಳೆಯದು ಕರಗುತ್ತಿದೆ, ವಿಮಾನಗಳ ಸಂಖ್ಯೆ ಮಾತ್ರ ಏರುತ್ತಿದೆ. ನಿಜವಾದ ಸಮಸ್ಯೆ ಈ ಲೆಕ್ಕದಲ್ಲಿದೆ.

ವೀಡಿಯೊದಲ್ಲಿ ಕಾಣುವ ಬೆಂಕಿ ಬೇರೆ

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳೋಣ. ಪ್ರಯಾಣಿಕರು ಕಿಟಕಿಯಿಂದ ತೆಗೆದ ಮೊಬೈಲ್ ವೀಡಿಯೊಗಳಲ್ಲಿ ಎಂಜಿನ್‌ನ ಹಿಂಭಾಗದಿಂದ ಜ್ವಾಲೆ ಚಿಮ್ಮುವುದು ಕಾಣುತ್ತದೆ. ಹಕ್ಕಿ ಬಡಿದಾಗ, ಅಥವಾ ಎಂಜಿನ್‌ನೊಳಗಿನ ಗಾಳಿಯ ಹರಿವು ಏರುಪೇರಾದಾಗ ಹೀಗಾಗುತ್ತದೆ. ಜೆಟ್ ಎಂಜಿನ್ ಎಂದರೇನೇ ಒಳಗೆ ಸದಾ ಉರಿಯುತ್ತಿರುವ ಬೆಂಕಿ. ಅದು ಕೆಲವು ಸಲ ಹಿಂದಿನ ಕೊಳವೆಯಿಂದ ಹೊರಗೆ ಚಾಚುತ್ತದೆ ಅಷ್ಟೆ. ನೋಡಲು ಭಯಾನಕ. ಆದರೆ ಇಂಧನ ನಿಲ್ಲಿಸಿದರೆ ಸಾಮಾನ್ಯವಾಗಿ ಅದು ತಾನೇ ಆರುತ್ತದೆ. ಹ್ಯಾಲಾನ್ ಬಾಟಲಿಗೂ ಈ ಬೆಂಕಿಗೂ ಸಂಬಂಧವಿಲ್ಲ. ಆ ಅನಿಲ ಎಂಜಿನ್‌ನ ಹೊಟ್ಟೆಯೊಳಕ್ಕೆ ಹೋಗುವುದೇ ಇಲ್ಲ.

ಹ್ಯಾಲಾನ್ ಹೋಗುವುದು ಎಂಜಿನ್ ಮತ್ತು ಅದರ ಹೊರಕವಚದ ನಡುವಿನ ಜಾಗಕ್ಕೆ. ಈ ಕವಚಕ್ಕೆ ನೆಸೆಲ್ ಎಂದು ಹೆಸರು. ಅಲ್ಲಿ ಇಂಧನದ ಕೊಳವೆ, ಎಣ್ಣೆಯ ಕೊಳವೆ, ಹೈಡ್ರಾಲಿಕ್ ಕೊಳವೆ, ವಿದ್ಯುತ್ ತಂತಿ ಎಲ್ಲವೂ ಒತ್ತೊತ್ತಾಗಿ ಕೂತಿರುತ್ತವೆ. ಪಕ್ಕದಲ್ಲೇ ಕಾದ ಲೋಹ. ಕೊಳವೆ ಸೋರಿ, ಎಣ್ಣೆಯ ಹನಿ ಬಿಸಿ ಲೋಹದ ಮೇಲೆ ಬಿದ್ದರೆ ಬೆಂಕಿ. ಹೊರಗಿನಿಂದ ಇದು ಅಷ್ಟಾಗಿ ಕಾಣುವುದೂ ಇಲ್ಲ. ಆದರೆ ರೆಕ್ಕೆಗೆ, ಅಂದರೆ ಇಂಧನದ ಟ್ಯಾಂಕಿಗೆ, ಹತ್ತಿರ ಇರುವ ಬೆಂಕಿ ಇದೇ. ಹಾಗಾಗಿ ಪೈಲಟ್‌ಗಳು ಹೆದರುವುದು ಇದಕ್ಕೇ.

ಹಿಡಿಕೆ ಎಳೆದಾಗ ನಡೆಯುವುದೇನು

ನೆಸೆಲ್ ಒಳಗೆ ಶಾಖ ಗುರುತಿಸುವ ತಂತಿಗಳು ಓಡಾಡಿರುತ್ತವೆ. ಅವು ಬಿಸಿಯಾದ ಕೂಡಲೇ ಕಾಕ್‌ಪಿಟ್‌ನಲ್ಲಿ ಗಂಟೆ ಬಾರಿಸುತ್ತದೆ, ಕೆಂಪು ದೀಪ ಹತ್ತುತ್ತದೆ. ಪೈಲಟ್ ಆ ಎಂಜಿನ್‌ನ ಬೆಂಕಿ ಹಿಡಿಕೆ ಎಳೆಯುತ್ತಾರೆ ಅಥವಾ ಗುಂಡಿ ಒತ್ತುತ್ತಾರೆ. ಇದರಿಂದ ಮೊದಲು ಆಗುವ ಕೆಲಸ ಇಂಧನ, ಹೈಡ್ರಾಲಿಕ್ ಎಣ್ಣೆ ಮತ್ತು ಗಾಳಿಯ ದಾರಿ ಮುಚ್ಚುವುದು. ಆಮೇಲೆ ಬಾಟಲಿಯ ಸರದಿ. ಬಾಟಲಿಯ ಬಾಯಿಗೆ ಸಣ್ಣದೊಂದು ಸಿಡಿಮದ್ದು ಇರುತ್ತದೆ. ಅದು ಸಿಡಿದು ಮುಚ್ಚಳ ಒಡೆಯುತ್ತದೆ. ಒಳಗೆ ನೈಟ್ರೋಜನ್ ಒತ್ತಡದಲ್ಲಿ ಕೂತಿದ್ದ ಹ್ಯಾಲಾನ್ 1301 ಕಣ್ಣು ಮಿಟುಕಿಸುವಷ್ಟರಲ್ಲಿ ನೆಸೆಲ್ ತುಂಬುತ್ತದೆ.

ಇಲ್ಲಿರುವ ಅಳತೆ ತುಂಬ ಬಿಗಿ. ನೆಸೆಲ್‌ನ ಎಲ್ಲ ಮೂಲೆಗಳಲ್ಲೂ ಏಕಕಾಲಕ್ಕೆ, ಕನಿಷ್ಠ ಅರ್ಧ ಸೆಕೆಂಡ್, ಗಾಳಿಯಲ್ಲಿ ಹ್ಯಾಲಾನ್ ಪ್ರಮಾಣ ಶೇ. 6 ಇರಬೇಕು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಇಟ್ಟುಕೊಂಡ ಮಾನದಂಡ ಇದು. ಹುಬ್ಬಳ್ಳಿಗೂ ಬಂದು ಹೋಗುವ ಏರ್‌ಬಸ್ ಎ320 ಮಾದರಿಯಲ್ಲಿ ಒಂದೊಂದು ಎಂಜಿನ್‌ಗೂ ಎರಡು ಬಾಟಲಿ. ಪಂಖದ ಎಟಿಆರ್ 72ರಲ್ಲಿ ಎರಡು ಬಾಟಲಿಗಳನ್ನು ಎರಡೂ ಎಂಜಿನ್‌ಗಳು ಹಂಚಿಕೊಳ್ಳುತ್ತವೆ. ಮೊದಲನೆಯದಕ್ಕೆ ಆರದಿದ್ದರೆ ಎರಡನೆಯದು. ಅದಕ್ಕೂ ಆರದಿದ್ದರೆ ಆಕಾಶದಲ್ಲಿ ಮೂರನೆಯದಿಲ್ಲ.

ಸರಕಿನ ಕೋಣೆಯ ಕಥೆ ಸ್ವಲ್ಪ ಬೇರೆ. ಅಲ್ಲಿ ಮೊದಲು ಶೇ. 5 ತುಂಬಿ, ವಿಮಾನ ಇಳಿಯುವ ತನಕ ಶೇ. 3ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು. ಸಮುದ್ರದ ಮೇಲಿದ್ದರೆ ಅದು ತಾಸುಗಟ್ಟಲೆ ಆಗಬಹುದು. ಹಾಗಾಗಿ ಒಂದು ವಿಮಾನದಲ್ಲಿರುವ ಹ್ಯಾಲಾನ್‌ನಲ್ಲಿ ದೊಡ್ಡ ಪಾಲು ಸರಕಿನ ಕೋಣೆಗೇ ಹೋಗುತ್ತದೆ.

ಬೆಂಕಿ ಆರಿಸುವ ಗುಣವೇ ಓಝೋನ್‌ಗೆ ಮುಳುವು

ನೀರು ಬೆಂಕಿಯನ್ನು ತಣ್ಣಗೆ ಮಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ. ಹ್ಯಾಲಾನ್ ಕೆಲಸ ಮಾಡುವ ಬಗೆಯೇ ಬೇರೆ. ಉರಿಯುವಾಗ ಹುಟ್ಟುವ ಹೈಡ್ರೋಜನ್‌ನ ಚೂರುಗಳು ಒಂದರಿಂದ ಇನ್ನೊಂದಕ್ಕೆ ಉರಿಯನ್ನು ಹಬ್ಬಿಸುತ್ತವೆ. ಇದು ಸರಪಳಿ. ಹ್ಯಾಲಾನ್‌ನಲ್ಲಿರುವ ಬ್ರೋಮಿನ್ ಪರಮಾಣು ಶಾಖಕ್ಕೆ ಕಳಚಿಕೊಂಡು ಈ ಚೂರುಗಳನ್ನು ಹಿಡಿದು ನಿಷ್ಕ್ರಿಯ ಮಾಡುತ್ತದೆ. ಹಿಡಿದ ಮೇಲೆ ತಾನು ಸವೆಯುವುದಿಲ್ಲ. ಮತ್ತೆ ಬಿಡುಗಡೆಯಾಗಿ ಮುಂದಿನ ಚೂರನ್ನು ಹಿಡಿಯುತ್ತದೆ. ಅದಕ್ಕೇ ಶೇ. 6ರಷ್ಟು ಸಣ್ಣ ಪ್ರಮಾಣ ಸಾಕಾಗುವುದು. ಅದಕ್ಕೇ ಬಾಟಲಿ ಚಿಕ್ಕದಾಗಿ, ಹಗುರಾಗಿ ಇರುವುದು.

ಈಗ ಇದೇ ಅನಿಲ ವಾತಾವರಣಕ್ಕೆ ಸೋರಿತು ಎನ್ನಿ. ನೆಲದ ಹತ್ತಿರ ಅದಕ್ಕೆ ಏನೂ ಆಗುವುದಿಲ್ಲ. ಮಳೆಗೆ ಕರಗುವುದಿಲ್ಲ, ಬಿಸಿಲಿಗೆ ಒಡೆಯುವುದಿಲ್ಲ. ನಿಧಾನವಾಗಿ ಮೇಲೇರಿ ಓಝೋನ್ ಪದರ ತಲುಪುತ್ತದೆ. ಅಲ್ಲಿ ನೇರಳಾತೀತ ಕಿರಣಕ್ಕೆ ಬ್ರೋಮಿನ್ ಕಳಚಿಕೊಳ್ಳುತ್ತದೆ. ಕೆಳಗೆ ಬೆಂಕಿಯ ಸರಪಳಿ ಕಡಿದ ಆ ಬ್ರೋಮಿನ್, ಮೇಲೆ ಓಝೋನ್ ಅಣುಗಳನ್ನು ಒಂದಾದ ಮೇಲೊಂದು ಒಡೆಯುತ್ತದೆ. ಇಲ್ಲೂ ತಾನು ಸವೆಯುವುದಿಲ್ಲ. ಓಝೋನ್ ಒಡೆಯುವುದರಲ್ಲಿ ಒಂದು ಬ್ರೋಮಿನ್ ಪರಮಾಣು ಸುಮಾರು 60 ಕ್ಲೋರಿನ್ ಪರಮಾಣುಗಳಿಗೆ ಸಮ. ಹಳೆಯ ಫ್ರಿಜ್‌ಗಳ ಕಾಲದ ಸಿಎಫ್‌ಸಿ-11 ಅನಿಲದ ಹಾನಿಯನ್ನು 1 ಎಂದು ಹಿಡಿದರೆ ಹ್ಯಾಲಾನ್ 1301ರದ್ದು 10. ಕೈಯಲ್ಲಿ ಹಿಡಿಯುವ ಸಿಲಿಂಡರ್‌ಗಳಲ್ಲಿದ್ದ ಹ್ಯಾಲಾನ್ 1211ರದ್ದು 3. ಸಾಲದ್ದಕ್ಕೆ, ಭೂಮಿ ಬಿಸಿಯಾಗಿಸುವುದರಲ್ಲಿ 1301 ಅನಿಲ ಕಾರ್ಬನ್ ಡೈಆಕ್ಸೈಡ್‌ಗಿಂತ ಕೆಲವು ಸಾವಿರ ಪಟ್ಟು ಬಲಶಾಲಿ.

ಅಂದರೆ ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಮಾತ್ರ ತೆಗೆಯೋಣ ಎನ್ನುವಂತಿಲ್ಲ. ಎರಡೂ ಒಂದೇ ಗುಣ. ಬದಲಿ ಹುಡುಕುವ ಕೆಲಸ ಇಷ್ಟು ವರ್ಷ ಎಳೆಯಲು ಮೂಲ ಕಾರಣ ಇದು.

ನಿಷೇಧ ಬಿದ್ದಿದ್ದು ಯಾವುದಕ್ಕೆ

1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೂತು ಪತ್ತೆಯಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಅದರಂತೆ ಶ್ರೀಮಂತ ದೇಶಗಳಲ್ಲಿ 1994ರ ಆರಂಭಕ್ಕೆ ಹ್ಯಾಲಾನ್ ತಯಾರಿಕೆ ನಿಂತಿತು. ಭಾರತದಂಥ ದೇಶಗಳಿಗೆ 2010ರ ಗಡುವು ಸಿಕ್ಕಿತು. ಭಾರತ 1992ರಲ್ಲಿ ಒಪ್ಪಂದ ಸೇರಿತು. 2000ದಲ್ಲಿ ಇದಕ್ಕೆಂದೇ ನಿಯಮಾವಳಿ ತಂದಿತು. ಓಝೋನ್‌ಗೆ ಹಾನಿ ಮಾಡುವ ವಸ್ತುಗಳ ತಯಾರಿಕೆ, ಆಮದು, ರಫ್ತು ಎಲ್ಲವೂ ಈಗ ಆ ನಿಯಮಗಳ ಕೆಳಗೆ ಬರುತ್ತವೆ.

ಬಳಕೆಯನ್ನು ಒಪ್ಪಂದ ಮುಟ್ಟಲಿಲ್ಲ. ಆಗಲೇ ಸಿಲಿಂಡರ್‌ಗಳಲ್ಲಿ ತುಂಬಿಟ್ಟಿದ್ದ ಅನಿಲವನ್ನು ತೆಗೆದು, ಶುದ್ಧ ಮಾಡಿ, ಮತ್ತೆ ತುಂಬಿಸಬಹುದು. ಈ ದಾಸ್ತಾನಿಗೆ ಹ್ಯಾಲಾನ್ ಬ್ಯಾಂಕ್ ಎನ್ನುತ್ತಾರೆ. ಭಾರತದಲ್ಲಿ ಈ ಕೆಲಸಕ್ಕೆಂದು ದೆಹಲಿಯಲ್ಲಿರುವ ಸಿಎಫ್‌ಇಇಎಸ್‌ನಲ್ಲಿ (ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಕಿ, ಸ್ಫೋಟಕ ಮತ್ತು ಪರಿಸರ ಸುರಕ್ಷತಾ ಕೇಂದ್ರ) ರಾಷ್ಟ್ರೀಯ ಹ್ಯಾಲಾನ್ ಬ್ಯಾಂಕ್ ಮಾಡಲಾಯಿತು.

ಇಲ್ಲೊಂದು ವಿಚಿತ್ರ ನಡೆಯಿತು. 1996ರ ಮೇ 11ರಂದು ಅಮೆರಿಕದ ಫ್ಲೋರಿಡಾದಲ್ಲಿ ವ್ಯಾಲ್ಯೂಜೆಟ್ 592 ವಿಮಾನ ಸರಕಿನ ಕೋಣೆಯ ಬೆಂಕಿಗೆ ಬಿದ್ದು 110 ಜನ ಸತ್ತರು. ಆ ಕೋಣೆಯಲ್ಲಿ ಬೆಂಕಿ ಆರಿಸುವ ವ್ಯವಸ್ಥೆಯೇ ಇರಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಬೆಂಕಿ ತಾನೇ ಉಸಿರುಗಟ್ಟಿ ಆರುತ್ತದೆ ಎಂಬುದು ಆಗಿನ ನಂಬಿಕೆ. ಆದರೆ ಆ ದಿನ ಒಳಗಿದ್ದುದು ಆಮ್ಲಜನಕವನ್ನೇ ಉತ್ಪಾದಿಸುವ ಉಪಕರಣಗಳು. 1998ರಲ್ಲಿ ಹೊಸ ನಿಯಮ ಬಂತು. 2001ರ ಒಳಗೆ ಇಂಥ ಕೋಣೆಗಳಲ್ಲೂ ಬೆಂಕಿ ಪತ್ತೆ ಮತ್ತು ಆರಿಸುವ ವ್ಯವಸ್ಥೆ ಹಾಕಬೇಕು ಎಂದು. ಹಾಕಲು ಕೈಯಲ್ಲಿದ್ದುದು ಹ್ಯಾಲಾನ್ ಒಂದೇ. ಹೀಗೆ ತಯಾರಿಕೆ ನಿಂತು ನಾಲ್ಕು ವರ್ಷ ಆದ ಮೇಲೆ ಹ್ಯಾಲಾನ್‌ನ ಬೇಡಿಕೆಯನ್ನು ಸರ್ಕಾರವೇ ಹೆಚ್ಚಿಸಿತು. ಇದನ್ನು ಇಬ್ಬಂದಿತನ ಎನ್ನುವುದು ಸುಲಭ. ಆದರೆ 110 ಸಾವಿನ ನಂತರ ಬೇರೆ ಏನು ಮಾಡಲು ಸಾಧ್ಯವಿತ್ತು ಎಂದು ಯೋಚಿಸಿದರೆ ತಪ್ಪು ಹೊರಿಸುವುದು ಅಷ್ಟು ಸುಲಭವಲ್ಲ.

ಬದಲಿ ಅನಿಲಗಳ ಪರೀಕ್ಷೆ

ನೆಲದ ಮೇಲೆ ಬದಲಿಗಳು ಬೇಗ ಸಿಕ್ಕವು. ಕಂಪ್ಯೂಟರ್ ಕೋಣೆಗಳಿಗೆ ಬೇರೆ ಅನಿಲ ಬಂತು, ಅಂಗಡಿಗಳಿಗೆ ಎಬಿಸಿ ಪೌಡರ್ ಬಂತು. ಅಲ್ಲಿ ಸಿಲಿಂಡರ್ ಹತ್ತು ಕಿಲೋ ಜಾಸ್ತಿ ಇದ್ದರೆ ಯಾರಿಗೂ ತೊಂದರೆ ಇಲ್ಲ. ವಿಮಾನದಲ್ಲಿ ತೂಕವೂ ಸಮಸ್ಯೆ, ಚಳಿಯೂ ಸಮಸ್ಯೆ.

ಚಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎತ್ತರದಲ್ಲಿ ಹೊರಗಿನ ತಾಪ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಇರಬಹುದು. ಅಲ್ಲೂ ಬಾಟಲಿಯಿಂದ ಹೊರಬಿದ್ದದ್ದು ತಕ್ಷಣ ಅನಿಲವಾಗಿ ಹರಡಬೇಕು. ದ್ರವವಾಗಿ ಉಳಿದರೆ ನೆಸೆಲ್‌ನ ತಳಕ್ಕೆ ಹರಿದು ಹೋಗುತ್ತದೆ, ಕೊಳವೆಗಳ ಹಿಂದಿನ ಬೆಂಕಿಗೆ ತಲುಪುವುದಿಲ್ಲ. ಹ್ಯಾಲಾನ್ 1301 ಕುದಿಯುವುದು ಮೈನಸ್ 58 ಡಿಗ್ರಿಗೆ. ಹಾಗಾಗಿ ಎಂಥ ಚಳಿಯಲ್ಲೂ ಅದು ಅನಿಲವಾಗಿಯೇ ಹೊರಬರುತ್ತದೆ.

ಪರಿಸರದ ದೃಷ್ಟಿಯಿಂದ ಎಲ್ಲರಿಗೂ ಇಷ್ಟವಾಗಿದ್ದು ನೋವೆಕ್ 1230 ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ದ್ರವ. ಓಝೋನ್‌ಗೆ ಹಾನಿ ಇಲ್ಲ, ಭೂಮಿ ಬಿಸಿಯಾಗಿಸುವುದೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಕುದಿಯುವುದು 49 ಡಿಗ್ರಿಗೆ. ಬೇಸಿಗೆಯ ಗದಗದಲ್ಲೇ ಅದು ದ್ರವವಾಗಿರುತ್ತದೆ ಎಂದ ಮೇಲೆ ಆಕಾಶದ ಚಳಿಯಲ್ಲಿ ಕೇಳಬೇಕೇ? ಎಂಜಿನ್ ಪರೀಕ್ಷೆಗಳಲ್ಲಿ ಎಡವಿದ್ದು ಚಳಿಯಲ್ಲೇ.

ಎಚ್‌ಎಫ್‌ಸಿ-125 ಎಂಬ ಇನ್ನೊಂದು ಬದಲಿ ಅನಿಲ ಚಳಿಯನ್ನು ತಡೆಯುತ್ತದೆ. ಕುದಿಯುವುದು ಮೈನಸ್ 48ಕ್ಕೆ. ಅಮೆರಿಕದ ಎಫ್/ಎ-18ಇ/ಎಫ್ ಯುದ್ಧವಿಮಾನದಲ್ಲಿ ಇದು ಬಳಕೆಯಲ್ಲೂ ಇದೆ. ಆದರೆ ಅದರಲ್ಲಿ ಬ್ರೋಮಿನ್ ಇಲ್ಲ. ಬೆಂಕಿಯ ಸರಪಳಿ ಕಡಿಯುವ ಶಕ್ತಿ ಕಡಿಮೆ. ಶೇ. 6ರ ಜಾಗದಲ್ಲಿ ಶೇ. 17ಕ್ಕೂ ಹೆಚ್ಚು ಬೇಕು. ಅಂದರೆ ಎರಡು ಮೂರು ಪಟ್ಟು ಅನಿಲ, ದೊಡ್ಡ ಬಾಟಲಿ, ಹೆಚ್ಚು ತೂಕ. ಹೆಚ್ಚು ತೂಕ ಎಂದರೆ ವಿಮಾನ ಬದುಕಿರುವಷ್ಟು ದಿನ ಪ್ರತಿ ಹಾರಾಟಕ್ಕೂ ಜಾಸ್ತಿ ಇಂಧನ, ಜಾಸ್ತಿ ಹೊಗೆ. ಮೇಲಾಗಿ ಇದು ಭೂಮಿ ಬಿಸಿಯಾಗಿಸುವ ಅನಿಲ. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯ ಪ್ರಕಾರ ಇದನ್ನೂ ಕಡಿಮೆ ಮಾಡುತ್ತ ಹೋಗಬೇಕು. ಭಾರತ 2028ರಲ್ಲಿ ಎಚ್‌ಎಫ್‌ಸಿ ಬಳಕೆಗೆ ಮಿತಿ ಹಾಕಿ, 2047ಕ್ಕೆ ಶೇ. 85ರಷ್ಟು ಇಳಿಸಬೇಕು. ಒಂದು ಒಪ್ಪಂದದಿಂದ ತಪ್ಪಿಸಿಕೊಂಡು ಅದೇ ಒಪ್ಪಂದದ ಇನ್ನೊಂದು ಕಲಮಿಗೆ ಸಿಕ್ಕಿಬಿದ್ದಂತೆ.

ಬ್ರೋಮಿನ್ ಜಾಗದಲ್ಲಿ ಅಯೋಡಿನ್ ಇಟ್ಟ ಅನಿಲವೊಂದಿದೆ, ಟ್ರೈಫ್ಲೋರೋ ಅಯೋಡೋ ಮೀಥೇನ್. ಇದಕ್ಕೆ ಶೇ. 7ರ ಆಸುಪಾಸು ಸಾಕು. ನೆಲದ ಹತ್ತಿರ ಬಿಟ್ಟರೆ ಬಿಸಿಲಿಗೇ ಒಡೆದು ಹೋಗುತ್ತದೆ, ಓಝೋನ್‌ವರೆಗೆ ಏರುವುದಿಲ್ಲ. ಆದರೆ ಮೈನಸ್ 22 ಡಿಗ್ರಿಗಿಂತ ಕೆಳಗೆ ದ್ರವವಾಗುತ್ತದೆ. ಉಸಿರಾಡಿದರೆ ಹೃದಯದ ಬಡಿತ ಏರುಪೇರಾಗುವ ಅಪಾಯವೂ ಇದೆ. ಪ್ರಯಾಣಿಕರಿಲ್ಲದ ನೆಸೆಲ್‌ಗೆ ಪರವಾಗಿಲ್ಲ, ಆದರೆ ಬಾಟಲಿ ತುಂಬುವ ಕೆಲಸಗಾರರ ಮಾತೇನು? ಇನ್ನು, ವಿಮಾನದಿಂದ ಬಿಟ್ಟ ಅನಿಲ ಬಿಡುಗಡೆಯಾಗುವುದೇ ಎತ್ತರದಲ್ಲಿ ಅಲ್ವಾ? ಆಗ ಓಝೋನ್‌ಗೆ ಹಾನಿಯ ಲೆಕ್ಕ ನೆಲದಲ್ಲಿದ್ದಷ್ಟು ಕಡಿಮೆ ಇರುವುದಿಲ್ಲ.

ಕೈಯಲ್ಲಿ ಹಿಡಿಯುವ ಸಿಲಿಂಡರ್‌ಗೆ ಮಾತ್ರ ದಾರಿ ಸಿಕ್ಕಿತು. 2-ಬಿಟಿಪಿ ಎಂಬ ವಸ್ತು ಹ್ಯಾಲಾನ್ 1211ರ ಜಾಗಕ್ಕೆ ಬಂತು. ಶೌಚಾಲಯದ ಕಸದ ಬುಟ್ಟಿಗೆ ಇರುವ ಪುಟ್ಟ ಬಾಟಲಿಗಳಲ್ಲೂ ಹ್ಯಾಲಾನ್ ಹೋಗಿ ಎಚ್‌ಎಫ್‌ಸಿ ಬಂದಿದೆ. ಎಂಜಿನ್ ಮತ್ತು ಸರಕಿನ ಕೋಣೆ ಇನ್ನೂ ಬಾಕಿ.

ಯಾರ ವಾದ ಏನು

ವಿಮಾನ ತಯಾರಕರು ಮತ್ತು ವಿಮಾನಯಾನ ಸಂಸ್ಥೆಗಳು ಹೇಳುವುದು: ಬೆಂಕಿಯ ವಿಷಯದಲ್ಲಿ ಅರ್ಧಂಬರ್ಧ ಬದಲಿ ಒಪ್ಪಲಾಗದು. ಬಾಟಲಿಯಲ್ಲಿರುವ ಹ್ಯಾಲಾನ್ ವಾತಾವರಣಕ್ಕೆ ಹೋಗುವುದು ಅಪರೂಪ. ಬಹುಪಾಲು ವಿಮಾನಗಳು ಒಮ್ಮೆಯೂ ಅದನ್ನು ಬಳಸದೆಯೇ ನಿವೃತ್ತಿ ಆಗುತ್ತವೆ. ಇದರಲ್ಲಿ ಸತ್ಯವಿದೆ. ಆದರೆ ಪೂರ್ತಿ ಸತ್ಯವಲ್ಲ. ಹ್ಯಾಲಾನ್ ಸೋರುವುದು ಬೆಂಕಿ ಆರಿಸುವಾಗ ಮಾತ್ರವಲ್ಲ. ದುರಸ್ತಿ, ಮರುಭರ್ತಿ, ತಪ್ಪು ಎಚ್ಚರಿಕೆಗೆ ಬಾಟಲಿ ಸಿಡಿಸುವುದು, ಹಳೆಯ ಬಾಟಲಿಯನ್ನು ಎಲ್ಲೋ ಬಿಟ್ಟುಬಿಡುವುದು, ಇವೆಲ್ಲ ಸೇರುತ್ತವೆ.

ಪರಿಸರದ ಕಡೆಯವರ ವಾದ ಹೀಗೆ: ಗಡುವು ಹಾಕದಿದ್ದರೆ ಯಾರೂ ಕದಲುವುದಿಲ್ಲ. 1994ರಿಂದ ಮೂರು ದಶಕ ಕಳೆಯಿತು, ಇನ್ನೆಷ್ಟು ಕಾಲ ಬೇಕು? ಯುರೋಪ್ 2010ರಲ್ಲೇ ಪಟ್ಟಿ ಮಾಡಿ ಕೈಸಿಲಿಂಡರ್‌ಗೆ 2025, ಎಂಜಿನ್ ಮತ್ತು ಸರಕಿನ ಕೋಣೆಗೆ 2040 ಎಂದು ಕೊನೆಯ ದಿನ ಗೊತ್ತು ಮಾಡಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಕಾವೋ ಮೆತ್ತಗಿನ ದಾರಿ ಹಿಡಿಯಿತು. 2014ರ ಕೊನೆಯ ನಂತರ ಹೊಚ್ಚ ಹೊಸ ಮಾದರಿಗೆ ಅನುಮತಿ ಕೇಳಿದರೆ ಎಂಜಿನ್‌ನಲ್ಲಿ ಹ್ಯಾಲಾನ್ ಇರಬಾರದು. 2024ರ ನವೆಂಬರ್ 28ರ ನಂತರ ಕೇಳಿದರೆ ಸರಕಿನ ಕೋಣೆಯಲ್ಲೂ ಇರಬಾರದು.

"ಹೊಚ್ಚ ಹೊಸ ಮಾದರಿ" ಎಂಬ ಮಾತಿನಲ್ಲೇ ದೊಡ್ಡ ಕಿಂಡಿ ಇದೆ. ಎ320 ನಿಯೋ, ಬೋಯಿಂಗ್ 737 ಮ್ಯಾಕ್ಸ್ ಹೊಸ ಎಂಜಿನ್ ಹೊತ್ತು ಬಂದರೂ ಕಾನೂನಿನ ಲೆಕ್ಕದಲ್ಲಿ ಹಳೆಯ ಮಾದರಿಯ ಸುಧಾರಿತ ರೂಪಗಳು. ಹಳೆಯ ಅನುಮತಿಯ ಮೇಲೇ ಅವು ಹಾರುತ್ತವೆ. ಕಾರ್ಖಾನೆಯಿಂದ ಇವತ್ತು ಹೊರಬರುವ ವಿಮಾನದ ಎಂಜಿನ್ ಬಾಟಲಿಯಲ್ಲೂ ಹ್ಯಾಲಾನ್ ಇರಲು ಇದೇ ಕಾರಣ. ನನ್ನ ದೃಷ್ಟಿಯಲ್ಲಿ ಇಡೀ ವಿವಾದದ ಗಂಟು ಇಲ್ಲಿದೆ. ನಿಯಮ ಕಠಿಣವಾಗಿ ಕಾಣುತ್ತದೆ, ಆದರೆ ಅದು ತಾಗುವ ವಿಮಾನಗಳು ಬೆರಳೆಣಿಕೆಯಷ್ಟೂ ಇಲ್ಲ. ಬದಲಿ ಹುಡುಕಲು ತಯಾರಕರಿಗೆ ಅವಸರವೇ ಹುಟ್ಟಲಿಲ್ಲ.

ಈಗ ಮೂರನೆಯ ದನಿಯೂ ಸೇರಿದೆ. ಪಿಎಫ್‌ಎಎಸ್ ಎಂಬ, ಪ್ರಕೃತಿಯಲ್ಲಿ ಸುಲಭಕ್ಕೆ ಕರಗದ ಫ್ಲೋರಿನ್ ರಾಸಾಯನಿಕಗಳ ಮೇಲೆ ನಿಷೇಧ ಬೇಕೆಂದು 2023ರಲ್ಲಿ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ ಪ್ರಸ್ತಾಪ ಮುಂದಿಟ್ಟವು. ನೋವೆಕ್ ತಯಾರಿಸುತ್ತಿದ್ದ 3ಎಂ ಕಂಪನಿ 2025ರ ಕೊನೆಗೆ ಈ ಗುಂಪಿನ ರಾಸಾಯನಿಕಗಳ ತಯಾರಿಕೆ ಬಿಡುವುದಾಗಿ 2022ರ ಡಿಸೆಂಬರ್‌ನಲ್ಲೇ ಹೇಳಿತ್ತು. ಈ ಗುಂಪಿಗೆ ಯಾವುದು ಸೇರುತ್ತದೆ ಎಂಬ, ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ವ್ಯಾಖ್ಯೆಯನ್ನು ಅಣು ರಚನೆಗೆ ಹೊಂದಿಸಿ ನೋಡಿ. ಎಚ್‌ಎಫ್‌ಸಿ-125 ಸೇರುತ್ತದೆ, ನೋವೆಕ್ ಸೇರುತ್ತದೆ, ಕೈಸಿಲಿಂಡರ್‌ನ 2-ಬಿಟಿಪಿಯೂ ಸೇರುತ್ತದೆ. ಹ್ಯಾಲಾನ್ 1301 ಮಾತ್ರ ಸೇರುವುದಿಲ್ಲ! ಹಳೆಯ ಅಪರಾಧಿ ಪಾರಾಗಿ, ಅದನ್ನು ಬದಲಿಸಲು ಬಂದವರೇ ಕಟಕಟೆಗೆ ಹತ್ತಿದ ಹಾಗಿದೆ. ಒಂದೊಂದು ನಿಯಮವೂ ತನ್ನಷ್ಟಕ್ಕೆ ಸರಿ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಒಂದು ಮೇಜು ಇಲ್ಲ.

ನಿಲ್ದಾಣದ ಅಗ್ನಿಶಾಮಕ ವಾಹನಗಳು ಸಿಂಪಡಿಸುವ ನೊರೆಯದೂ ಇದೇ ಪಿಎಫ್‌ಎಎಸ್ ತಕರಾರು. ಅದು ಪ್ರತ್ಯೇಕ ಲೇಖನದ ವಿಷಯ.

ಬ್ಯಾಡಗಿ ಮೆಣಸಿನ ಹೊಲಕ್ಕೂ ನಂಟು

ಹ್ಯಾಲಾನ್ 1301 ತಯಾರಿಕೆ ನಿಂತಿದೆ ಎಂದು ಮೇಲೆ ಹೇಳಿದೆ. ಅದಕ್ಕೊಂದು ವಿನಾಯಿತಿ ಉಂಟು. ಬೇರೆ ರಾಸಾಯನಿಕ ಮಾಡಲು ಕಚ್ಚಾವಸ್ತುವಾಗಿ ಪೂರ್ತಿ ಬಳಸಿ ಮುಗಿಸುವುದಾದರೆ ತಯಾರಿಸಲು ಮಾಂಟ್ರಿಯಲ್ ಒಪ್ಪಂದ ಅಡ್ಡಿ ಮಾಡುವುದಿಲ್ಲ. ಈ ದಾರಿಯಲ್ಲಿ ಫ್ರಾನ್ಸ್ ಮತ್ತು ಚೀನಾದಲ್ಲಿ ಹ್ಯಾಲಾನ್ 1301 ತಯಾರಾಗುತ್ತ ಬಂದಿದೆ. ಅದರಿಂದ ಮಾಡುವುದು ಫಿಪ್ರೋನಿಲ್ ಎಂಬ ಕೀಟನಾಶಕ.

ಫಿಪ್ರೋನಿಲ್ ಹಾವೇರಿ, ಗದಗ, ಧಾರವಾಡದ ರೈತರಿಗೆ ಪರಿಚಯ ಮಾಡಿಕೊಡಬೇಕಾದ ಹೆಸರಲ್ಲ. ಮೆಣಸಿನಕಾಯಿ, ಹತ್ತಿ, ಭತ್ತ, ಕಬ್ಬಿಗೆ ಭಾರತದಲ್ಲಿ ಅನುಮತಿ ಪಡೆದ ಔಷಧ ಅದು. ಬ್ಯಾಡಗಿ ಸುತ್ತಲಿನ ಹೊಲಗಳಲ್ಲಿ ಎಲೆ ಮುರುಟಿಸುವ ನುಸಿಗೆ, ಅಂದರೆ ಥ್ರಿಪ್ಸ್‌ಗೆ, ಹೊಡೆಯುವ ಔಷಧಗಳಲ್ಲಿ ಅದೂ ಒಂದು. ಎಲ್ಲ ಫಿಪ್ರೋನಿಲ್ ಕೂಡ ಹ್ಯಾಲಾನ್‌ನಿಂದಲೇ ಆಗುವುದಿಲ್ಲ, ಬೇರೆ ವಿಧಾನಗಳೂ ಇವೆ. ಆದರೂ ವಿಮಾನಕ್ಕೆ ಹೊಸದಾಗಿ ಮಾಡಿಕೊಡಲು ಅವಕಾಶವಿಲ್ಲದ ಅನಿಲವನ್ನು ಕೀಟನಾಶಕಕ್ಕಾಗಿ ಇವತ್ತಿಗೂ ಮಾಡಬಹುದು ಎಂಬುದು ಗಮನಿಸಬೇಕಾದ ಸಂಗತಿ.

ಹಾಗಾದರೆ ಅದರಲ್ಲೇ ಸ್ವಲ್ಪ ವಿಮಾನಕ್ಕೆ ಕೊಡಬಾರದೇ? ಈಗಿನ ನಿಯಮದಲ್ಲಿ ಕೊಡುವಂತಿಲ್ಲ. ಸದಸ್ಯ ದೇಶಗಳು ಸೇರಿ "ಅತ್ಯಗತ್ಯ ಬಳಕೆ" ಎಂದು ವಿಶೇಷ ಒಪ್ಪಿಗೆ ಕೊಡಬೇಕು. ದಾಸ್ತಾನು ಬರಿದಾಗುತ್ತ ಬಂದಂತೆ ವಿಮಾನಯಾನ ಈ ಬಾಗಿಲು ತಟ್ಟುವುದು ಬಹುತೇಕ ಖಚಿತ. ಆಗ ತಂತ್ರಜ್ಞಾನ ಇಲ್ಲ, ಕಾರ್ಖಾನೆ ಇಲ್ಲ ಎಂಬ ನೆಪ ನಡೆಯುವುದಿಲ್ಲ. ಕಾರ್ಖಾನೆ ಕಣ್ಣೆದುರಿಗೇ ಇರುತ್ತದೆ. ಪ್ರಶ್ನೆ ಶುದ್ಧ ರಾಜಕೀಯದ್ದಾಗುತ್ತದೆ.

ಹಳೆಯ ಹ್ಯಾಲಾನ್ ಎಲ್ಲಿಂದ ಬರುತ್ತಿದೆ

ವಿಮಾನಯಾನ ತನ್ನದೇ ದೊಡ್ಡ ದಾಸ್ತಾನು ಕೂಡಿಡಲಿಲ್ಲ. ಬೇರೆಯವರು ಬಿಟ್ಟದ್ದನ್ನು ಕೊಂಡು ಬದುಕುತ್ತ ಬಂದಿದೆ. 1970, 80ರ ದಶಕಗಳಲ್ಲಿ ಕಂಪ್ಯೂಟರ್ ಕೋಣೆ, ದೂರವಾಣಿ ಎಕ್ಸ್‌ಚೇಂಜ್, ಹಡಗಿನ ಎಂಜಿನ್ ಕೋಣೆಗಳಿಗೆ ಹ್ಯಾಲಾನ್ ಹಾಕುತ್ತಿದ್ದರು. ಅವು ಒಂದೊಂದಾಗಿ ಬೇರೆ ವ್ಯವಸ್ಥೆಗೆ ಬದಲಾದಾಗ ಹೊರಬಿದ್ದ ಅನಿಲ ವಿಮಾನಕ್ಕೆ ಬಂತು. ಗುಜರಾತಿನ ಅಲಂಗ್‌ನಂಥ ಹಡಗು ಒಡೆಯುವ ತೀರಗಳೂ ಇದರ ಮೂಲ. ಆದರೆ ಹೊಸ ಹಡಗುಗಳಿಗೆ ಹ್ಯಾಲಾನ್ ಹಾಕುವುದು 1994ರಲ್ಲೇ ನಿಂತಿತು. ಅದಕ್ಕೂ ಹಿಂದಿನ ಹಡಗುಗಳು ಒಡೆದು ಮುಗಿಯುತ್ತ ಬಂದಿವೆ. ಮೂಲವೇ ಬತ್ತುತ್ತಿದೆ.

ಎಷ್ಟು ದಿನ ಸಾಕು? ಮಾಂಟ್ರಿಯಲ್ ಒಪ್ಪಂದದ ಹ್ಯಾಲಾನ್ ತಜ್ಞರ ಸಮಿತಿ 2018ರಲ್ಲಿ ಮಾಡಿದ ಅಂದಾಜಿನ ಪ್ರಕಾರ ವಿಮಾನಯಾನಕ್ಕೆ ಸಿಗಬಹುದಾದ 1301 ಅನಿಲ 2032ರಿಂದ 2054ರ ನಡುವೆ ಮುಗಿಯುತ್ತದೆ. ಅಂತರ ಇಷ್ಟು ದೊಡ್ಡದಿರಲು ಕಾರಣ, ಯಾವ ದೇಶದ ಯಾವ ಗೋದಾಮಿನಲ್ಲಿ ಎಷ್ಟಿದೆ ಎಂಬ ಪಕ್ಕಾ ಲೆಕ್ಕ ಯಾರ ಬಳಿಯೂ ಇಲ್ಲದಿರುವುದು.

ಇದ್ದದ್ದೂ ಶುದ್ಧವಾಗಿರಬೇಕು. 2009ರಲ್ಲಿ ಯುರೋಪಿನಲ್ಲಿ ವಿಮಾನಗಳಿಗೆ ಪೂರೈಕೆಯಾದ ಮರುಬಳಕೆಯ ಹ್ಯಾಲಾನ್‌ನಲ್ಲಿ ಕಲಬೆರಕೆ ಪತ್ತೆಯಾಗಿ, ಸಿಲಿಂಡರ್‌ಗಳನ್ನು ತೆಗೆಸಲು ಸುರಕ್ಷತಾ ಆದೇಶ ಹೊರಡಿಸಬೇಕಾಯಿತು. ವಸ್ತು ವಿರಳವಾದಷ್ಟೂ ಇಂಥ ಆಸೆಗಳು ಹೆಚ್ಚುತ್ತವೆ. ಇನ್ನೊಂದು ಕಡೆ, ಕಲಬೆರಕೆಯಾದ ಹ್ಯಾಲಾನನ್ನು ಶುದ್ಧ ಮಾಡಿಸಲು ಗಡಿ ದಾಟಿಸಬೇಕೆಂದರೆ ಅದು "ಅಪಾಯಕಾರಿ ತ್ಯಾಜ್ಯ" ಎಂಬ ಪಟ್ಟಿಗೆ ಸೇರಿ ಕಾಗದಪತ್ರ ತಿಂಗಳುಗಟ್ಟಲೆ ಅಲೆಯುತ್ತದೆ.

ಸ್ಥಳೀಯವಾಗಿ ಉಪಯೋಗಕ್ಕೆ ಬರುವ ಮಾತೊಂದಿದೆ. ಹುಬ್ಬಳ್ಳಿಯ ತಾರಿಹಾಳ ಅಥವಾ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಹಳೆಯ ಸ್ಟೋರ್‌ರೂಮುಗಳಲ್ಲಿ, ಹಳೆಯ ಕಚೇರಿಗಳ ಮೂಲೆಗಳಲ್ಲಿ ಧೂಳು ತಿನ್ನುತ್ತಿರುವ ಸಿಲಿಂಡರ್ ಸಿಕ್ಕರೆ ಲೇಬಲ್ ಓದಿ. ಹ್ಯಾಲಾನ್, 1301, 1211, ಬಿಸಿಎಫ್ ಎಂದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ, ಖಾಲಿ ಮಾಡಿಸಬೇಡಿ. ಗುಜರಿ ಅಂಗಡಿಯವರು ಲೋಹದ ಆಸೆಗೆ ವಾಲ್ವ್ ಬಿಚ್ಚಿದರೆ ಅನಿಲ ಹೋಯಿತು. ಓಝೋನ್‌ಗೂ ಪೆಟ್ಟು, ವಿಮಾನಕ್ಕೂ ನಷ್ಟ. ಬೆಂಕಿ ಸುರಕ್ಷತೆಯ ಗುತ್ತಿಗೆದಾರರ ಮೂಲಕ ಹ್ಯಾಲಾನ್ ಬ್ಯಾಂಕಿನ ದಾರಿಗೆ ಸೇರಿಸುವುದು ಸರಿಯಾದ ಕ್ರಮ.

ಮುಂದೆ ಏನಾಗಬಹುದು

ಇಂಡಿಗೋ 2023ರ ಜೂನ್‌ನಲ್ಲಿ ಒಂದೇ ಸಲಕ್ಕೆ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470ಕ್ಕೆ ಕೊಟ್ಟಿತ್ತು. ಇವು 2030ರ ದಶಕದವರೆಗೂ ಬರುತ್ತಲೇ ಇರುತ್ತವೆ. ವಿಮಾನವೊಂದರ ಆಯುಷ್ಯ ಇಪ್ಪತ್ತೈದು ವರ್ಷ ಎಂದಿಟ್ಟುಕೊಂಡರೂ ಕೊನೆಯವು 2055ರ ಆಚೀಚೆ ಹಾರುತ್ತಿರುತ್ತವೆ. ತಜ್ಞರ ಅಂದಾಜಿನ ಪಕ್ಕದಲ್ಲಿ ಈ ವರ್ಷಗಳನ್ನು ಇಟ್ಟು ನೋಡಿ. ಭಾರತಕ್ಕೆ ಈ ಪ್ರಶ್ನೆ ಯುರೋಪಿಗಿಂತ ದೊಡ್ಡದು. ಅಲ್ಲಿ ಹಳೆಯ ವಿಮಾನಗಳು ನಿವೃತ್ತಿಯಾಗಿ ಅವುಗಳ ಹ್ಯಾಲಾನ್ ಹೊಸದಕ್ಕೆ ಸಿಗುತ್ತದೆ. ಇಲ್ಲಿ ವಿಮಾನಗಳ ಸಂಖ್ಯೆಯೇ ಬೆಳೆಯುತ್ತಿದೆ, ನಿವೃತ್ತಿಯಾಗುವವು ಕಡಿಮೆ.

ಮೊದಲ ಪರಿಣಾಮ ಬೆಲೆಯ ಮೇಲೆ. ಟಿಕೆಟ್ ದರದಲ್ಲಿ ಅದು ಕಾಣುವುದು ಅನುಮಾನ, ಒಂದು ವಿಮಾನಕ್ಕೆ ಬೇಕಾಗುವುದು ಕಿಲೋಗಳ ಲೆಕ್ಕದಲ್ಲಿ. ತೊಂದರೆ ಬರುವುದು ಸಿಗದೇ ಇದ್ದಾಗ. ತಪ್ಪು ಎಚ್ಚರಿಕೆಗೆ ಬಾಟಲಿ ಸಿಡಿದರೆ ಬದಲಿ ಬಾಟಲಿ ಬರುವ ತನಕ ಸಾಮಾನ್ಯವಾಗಿ ವಿಮಾನ ನೆಲದಲ್ಲೇ. ದೆಹಲಿ, ಮುಂಬೈಯಲ್ಲಾದರೆ ಅದು ಕೆಲವು ತಾಸಿನ ಮಾತು. ಹುಬ್ಬಳ್ಳಿಯಂಥ, ದಿನಕ್ಕೆ ಕೆಲವೇ ವಿಮಾನ ಬರುವ ನಿಲ್ದಾಣದಲ್ಲಿ ಒಂದು ವಿಮಾನ ನಿಂತರೆ ಇಡೀ ದಿನದ ವೇಳಾಪಟ್ಟಿ ಕೆಡುತ್ತದೆ.

ಎರಡನೆಯದು 2040ರ ಗಡುವು. ಅದು ಯುರೋಪಿನ ನಿಯಮ, ನಮಗೇನು ಎನ್ನಬಹುದು. ಆದರೆ ಏರ್‌ಬಸ್ ಮತ್ತು ಎಟಿಆರ್ ಎರಡೂ ಯುರೋಪಿನವು. ಅಲ್ಲಿ ಎಂಜಿನ್ ಬಾಟಲಿ ಬದಲಾದರೆ ಇಲ್ಲಿನ ಬಿಡಿಭಾಗವೂ ಬದಲಾಗುತ್ತದೆ. ಹಾರುತ್ತಿರುವ ವಿಮಾನಕ್ಕೆ ಹೊಸ ಅನಿಲ ಎಂದರೆ ಬಾಟಲಿ, ಕೊಳವೆ, ನಳಿಕೆ ಎಲ್ಲ ಹೊಸದು, ಪರೀಕ್ಷೆಯೂ ಹೊಸದು. ಗಡುವನ್ನು ಮುಂದಕ್ಕೆ ಹಾಕಲಾಗುತ್ತದೆ ಎಂದೇ ಹಲವರ ಊಹೆ. ಕೈಸಿಲಿಂಡರ್ ವಿಷಯದಲ್ಲಿ ಐಕಾವೋ ತನ್ನ 2016ರ ದಿನಾಂಕವನ್ನು 2018ಕ್ಕೆ ತಳ್ಳಿದ ಉದಾಹರಣೆ ಇದೆ. ಆದರೆ ತಳ್ಳಿದ ಎರಡು ವರ್ಷದಲ್ಲಿ ಅಲ್ಲಿ ಬದಲಿ ಸಿದ್ಧವಾಗಿತ್ತು. ಎಂಜಿನ್‌ಗೆ ಅಂಥದ್ದು ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಸರಕಿನ ಕೋಣೆಗೆ ಆಸೆ ಸ್ವಲ್ಪ ಜಾಸ್ತಿ. 2-ಬಿಟಿಪಿಯನ್ನು ಕಾರ್ಬನ್ ಡೈಆಕ್ಸೈಡ್ ಜೊತೆ ಬೆರೆಸುವ ವಿಧಾನ, ಸಣ್ಣ ಹನಿಯ ನೀರಿನ ಮಂಜಿಗೆ ನೈಟ್ರೋಜನ್ ಸೇರಿಸುವ ವಿಧಾನ ಎರಡೂ ಪರೀಕ್ಷೆಯಲ್ಲಿ ಮುಂದಿವೆ. ಹ್ಯಾಲಾನ್‌ನ ದೊಡ್ಡ ಪಾಲು ಹೋಗುವುದು ಈ ಕೋಣೆಗೇ ಆದ್ದರಿಂದ, ಇಲ್ಲಿ ಉಳಿಸಿದ್ದನ್ನು ಎಂಜಿನ್‌ಗೆ ಎತ್ತಿಡಬಹುದು. ಇದ್ದುದರಲ್ಲಿ ಇದೇ ನಡೆಯಬಲ್ಲ ದಾರಿ ಎಂದು ನನಗೆ ಕಾಣುತ್ತದೆ: ಮೊದಲು ಸರಕಿನ ಕೋಣೆಯಿಂದ ಹ್ಯಾಲಾನ್ ಹೊರಹಾಕುವುದು, ಅದನ್ನು ಹೊಸ ಮಾದರಿಗಳಿಗಷ್ಟೇ ಅಲ್ಲದೆ ಈಗ ತಯಾರಾಗುತ್ತಿರುವ ಮಾದರಿಗಳಿಗೂ ಕಡ್ಡಾಯ ಮಾಡುವುದು, ಎಂಜಿನ್‌ಗೆ ಉಳಿದದ್ದನ್ನು ಲೆಕ್ಕ ಇಟ್ಟು ಬಳಸುವುದು.

ಓಝೋನ್ ಪದರದ ಮಟ್ಟಿಗೆ ಸುದ್ದಿ ಒಳ್ಳೆಯದೇ. 2023ರ ಜನವರಿಯಲ್ಲಿ ಹೊರಬಂದ ವಿಶ್ವಸಂಸ್ಥೆಯ ಮೌಲ್ಯಮಾಪನದ ಪ್ರಕಾರ, ಈಗಿನ ನಿಯಮಗಳು ಹೀಗೇ ಮುಂದುವರಿದರೆ, ಧ್ರುವಗಳನ್ನು ಬಿಟ್ಟು ಉಳಿದೆಡೆ ಅದು 2040ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ. ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ. ವಿಮಾನಯಾನ "ಅತ್ಯಗತ್ಯ ಬಳಕೆ"ಯ ಅರ್ಜಿ ಹಿಡಿದು ಹೋದಾಗ ಎರಡೂ ಕಡೆಯವರು ಎತ್ತಿಕೊಳ್ಳುವುದು ಇದೇ ಅಂಕಿಗಳನ್ನು. ಪದರ ಚೇತರಿಸಿಕೊಂಡಿದೆ, ಸ್ವಲ್ಪ ತಯಾರಿಸಲು ಬಿಡಿ ಎಂದು ಒಬ್ಬರು. ಬಿಡದೇ ಇದ್ದುದಕ್ಕೇ ಚೇತರಿಸಿಕೊಂಡಿದೆ ಎಂದು ಇನ್ನೊಬ್ಬರು. ಆ ಸಭೆಯಲ್ಲಿ ಭಾರತ ಯಾವ ಕಡೆ ಕೂರುತ್ತದೆ ಎಂಬುದನ್ನು ಈಗ ಕೊಡುತ್ತಿರುವ ವಿಮಾನಗಳ ಆರ್ಡರ್‌ಗಳೇ ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿವೆ.